ಕುದಿಸಬಾರದ ಹೂವು

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಅಂತ ಹೇಳಿದವರು ನಮ್ಮ ದೊಡ್ಡಪ್ಪ. ಬೇರೆಯವರೂ ಹಾಗೆ ಅಂದುಕೊಂಡಿರಬಹುದು. ಆದರೆ ಕಟ್ಟೆಯ ಮೇಲೆ ಕೂತು, ನಾಲ್ಕು ಜನ ಕೇಳುವ ಹಾಗೆ ಹೇಳಿದವರು ಅವರೇ. "ಪರೀಕ್ಷಾ ಅಂದ್ರ ಹೊಟ್ಟಿ ಹಿಡ್ಕೊಂಡು ಓಡಿ ಬರೋ ಹುಡುಗಿ. ಈಕಿ ಎಂಥಾ ಬಿ.ಎ. ಮುಗಸ್ತಾಳೋ!"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಬನವಾಸಿ ಕಡೆಯ ನಮ್ಮ ಮನೆಯಲ್ಲಿ ಹತ್ತನೇ ಇಯತ್ತೆ ದಾಟಿದವರೇ ಇರಲಿಲ್ಲ. ನಾನು ದಾಟಿ, ಶಿರಸಿಯ ಕಾಲೇಜು ಸೇರಿ, ಕೊನೆಯ ವರ್ಷದವರೆಗೂ ಬಂದೆ. ಅಲ್ಲಿ ಹೊಟ್ಟೆ ಕೈಕೊಟ್ಟಿತು. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಹೊಕ್ಕುಳ ಸುತ್ತ ಯಾರೋ ಹಿಂಡಿದ ಹಾಗಾಗಿ, ಹಾಲ್‌ನಿಂದ ಎದ್ದು ಬಂದುಬಿಟ್ಟೆ. ಡಾಕ್ಟರು ನೋಡಿ, ಹೊಟ್ಟೆಯಲ್ಲಿ ಏನೂ ಇಲ್ಲ, ಹೆದರಿಕೆ ಅಷ್ಟೆ ಅಂದರು. ಫೇಲಾದ ಮೇಲೆ ದೊಡ್ಡಪ್ಪ ತೀರ್ಮಾನ ಕೊಟ್ಟರು: ಇನ್ನೊಂದೇ ಸಲ. ಮತ್ತೆ ಎದ್ದು ಬಂದರೆ, ಮೊದಲು ಬಂದ ಗಂಡಿಗೆ ಹೂಂ ಅನ್ನುವುದು. ಅಪ್ಪ ಅದಕ್ಕೆ ಒಪ್ಪಿದರು.

ಶಿರಸಿಯಲ್ಲಿ ನಾನು ಇದ್ದದ್ದು ಸೋದರತ್ತೆಯ ಮನೆಯಲ್ಲಿ. ಅತ್ತೆ ಜೋಳದ ರೊಟ್ಟಿ ಮಾಡಿ ಖಾನಾವಳಿಗೆ ಕೊಡುತ್ತಿದ್ದಳು. ಪಕ್ಕದ ಮನೆಯ ಹಿರಿಯ ಹೆಂಗಸನ್ನು ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ನನ್ನ ಹೊಟ್ಟೆಯ ಕಥೆ ಕೇಳಿ ಅವರು ಒಂದು ಪೊಟ್ಟಣ ತಂದು ಅತ್ತೆಯ ಕೈಗಿಟ್ಟರು. "ಬಾಬೂನ. ಬಿಸಿನೀರಲ್ಲಿ ಹಾಕಿ ಕೊಡು."

ಬಿಚ್ಚಿದರೆ ಒಣಗಿದ ಪುಟ್ಟ ಹೂಗಳು. ನಡುವೆ ಹಳದಿ ಗುಂಡಿ, ಸುತ್ತ ಸುಕ್ಕಾದ ಬಿಳಿ ಎಸಳು. ನಮ್ಮ ಸೇವಂತಿಗೆಯ ಬಡ ತಂಗಿಯ ಹಾಗೆ.

"ಬಾಬುನ ಹೂವಂತ," ಅತ್ತೆ ನನ್ನ ಕಿವಿಯಲ್ಲಿ ಅಂದಳು. "ಯಾವ ಬಾಬೂಂದೋ ಏನೋ. ಅವನ್ನ ಕೇಳಿ ಹರ್ಕೊಂಡು ಬಂದಾರೋ ಇಲ್ಲೋ."

ಬಾಬೂನ ಅನ್ನುವುದು ಹೂವಿನದೇ ಹೆಸರು ಅಂತ ನಮಗೆ ಹೇಗೆ ಗೊತ್ತಾಗಬೇಕು? ಖಾಲಾ ಅದನ್ನು ಹುಬ್ಬಳ್ಳಿಯ ಹಕೀಮಿ ಔಷಧದ ಅಂಗಡಿಯಿಂದ ತರಿಸುತ್ತಿದ್ದರು.

ಎರಡನೇ ಸಲ ಕೂತಾಗ, ಮೊದಲ ಪರೀಕ್ಷೆಯ ದಿನ ಅತ್ತೆ ತನಗೆ ಗೊತ್ತಿದ್ದ ಹಾಗೆ ಮಾಡಿದಳು. ನಮ್ಮಲ್ಲಿ ಮನೆಮದ್ದು ಅಂದರೆ ಕಷಾಯ, ಕಷಾಯ ಅಂದರೆ ಕುದಿಸಿ ಕುದಿಸಿ ಬತ್ತಿಸುವುದು. ಮೆಣಸು, ಶುಂಠಿ, ಬೆಲ್ಲ ಎಲ್ಲ ಬಿದ್ದು ಕೊನೆಗೆ ಲೋಟದ ತಳದಲ್ಲಿ ಕಪ್ಪಗಿನದೇನೋ ಉಳಿಯಿತು. ಕಣ್ಣು ಮುಚ್ಚಿ ಕುಡಿದೆ. ಬೇವೇ ವಾಸಿ. ಹೊರಬಾಗಿಲು ದಾಟುವುದರೊಳಗೆ ವಾಂತಿ.

ಸದ್ದು ಕೇಳಿ ಬಂದ ಖಾಲಾ ಪಾತ್ರೆ ಮೂಸಿ ನೋಡಿ ಹಣೆ ಬಡಿದುಕೊಂಡರು. "ಅರೆ, ಇದು ಹೂವಮ್ಮಾ, ಕೋಳಿ ಅಲ್ಲ! ಇಷ್ಟು ಬೇಯಿಸ್ತಾರಾ?"

"ಕೋಳಿ ಬೇಯ್ಸೂದು ನಮಗೆಲ್ಲಿ ಗೊತ್ತೈತ್ರಿ?" ಅಂದಳು ಅತ್ತೆ.

ಇಬ್ಬರೂ ನಕ್ಕರು. ನನಗೆ ಅಳು ಬರುತ್ತಿತ್ತು. ಪರೀಕ್ಷೆ ಮಧ್ಯಾಹ್ನ ಇತ್ತು, ಅದೊಂದು ಪುಣ್ಯ.

ಖಾಲಾ ತಮ್ಮ ಅಡುಗೆಮನೆಯಲ್ಲೇ ನನ್ನನ್ನು ಕೂರಿಸಿಕೊಂಡರು. ಕುದಿದ ನೀರನ್ನು ಒಲೆಯಿಂದ ಇಳಿಸಿದ ಮೇಲೆ ಚಿಟಿಕೆ ಹೂ ಹಾಕಿ, ತಟ್ಟೆ ಮುಚ್ಚಿ, ಅದರ ಮೇಲೆ ಕೈಯಿಟ್ಟು ಸುಮ್ಮನೆ ಕೂತರು. ಸೋಸಿದಾಗ ನೀರು ಹೊಂಬಣ್ಣಕ್ಕೆ ತಿರುಗಿತ್ತು. ಒಣಹುಲ್ಲಿನದೂ ಹಣ್ಣಿನದೂ ಕೂಡಿದಂಥ ವಾಸನೆ. "ಗುಟುಕು ಗುಟುಕಾಗಿ ಕುಡಿ ಬೇಟಿ, ಬಸ್ಸೇನು ತಪ್ಪಿ ಹೋಗ್ತಾ ಇಲ್ಲ," ಅಂದರು. ಉಳಿದ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಹೊಟ್ಟೆಯ ಮೇಲೆ ಹಾಕಿದರು. ಆ ಬಿಸಿ ಒಳಗಿನವರೆಗೂ ಇಳಿಯಿತು.

ಹಾಲ್‌ನಲ್ಲಿ ಹಿಂಡುವುದು ಶುರುವಾಗಲಿಲ್ಲ ಅಂತಲ್ಲ. ಶುರುವಾಯಿತು, ಆದರೆ ಸಣ್ಣಗೆ. ಪೆನ್ನು ಕೆಳಗಿಟ್ಟು ಉಸಿರು ಬಿಟ್ಟೆ. ಅದು ಸಡಿಲವಾಯಿತು. ಮತ್ತೆ ಬರೆದೆ. ಕೊನೆಯ ಗಂಟೆ ಹೊಡೆದಾಗಲೂ ಕೂತೇ ಇದ್ದೆ. ಮುಂದಿನ ಪೇಪರುಗಳಿಗೂ ಅದೇ ಅಡುಗೆಮನೆ, ಅದೇ ಲೋಟ.

ಹೂವೇ ಪಾಸು ಮಾಡಿಸಿತು ಅನ್ನುವಷ್ಟು ಮಳ್ಳಿ ನಾನಲ್ಲ. ಓದಿದ್ದು ನಾನು, ಬರೆದದ್ದೂ ನಾನು. ಆದರೆ ಕೂತು ಬರೆಯುವಷ್ಟು ಸಮಾಧಾನವನ್ನು ಹೊಟ್ಟೆಗೆ ಕೊಟ್ಟದ್ದು ಆ ನೀರೋ, ತಟ್ಟೆಯ ಮೇಲಿದ್ದ ಆ ಕೈಯೋ, ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಖಾಲಾರ ಮನೆಯಲ್ಲಿ ಬಾಬೂನಕ್ಕೆ ಕೆಲಸ ತಪ್ಪುತ್ತಿರಲಿಲ್ಲ. ನೆಗಡಿಗೆ ಅದರ ಹಬೆ, ಮೊಣಕಾಲಿಗೆ ಎಳ್ಳೆಣ್ಣೆಯಲ್ಲಿ ನೆನೆಸಿದ ಹೂ, ನಿದ್ದೆ ಬಾರದ ಸೊಸೆಗೆ ಸಂಜೆಯ ಅರ್ಧ ಲೋಟ. ಈಗ ಅದೇ ಹೂವು ಕ್ಯಾಮೊಮೈಲ್ ಅನ್ನುವ ಹೆಸರಲ್ಲಿ, ದಾರ ಕಟ್ಟಿದ ಚೀಲದಲ್ಲಿ ಅಂಗಡಿಗೆ ಬಂದಿದೆ. ಕೊಂಡು ಕುಡಿಯುತ್ತೇನೆ, ತಟ್ಟೆ ಮುಚ್ಚಿಯೇ.

ಪದವಿ ಪತ್ರ ಬಂದ ದಿನ ಕಾಲೇಜಿನ ಕಿಟಕಿಯಲ್ಲಿ ಸಹಿ ಹಾಕಿ ಪಡೆದು ನೇರ ಅತ್ತೆಯ ಮನೆಗೆ ನಡೆದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯನ್ನು ತೊಳೆದು, ಸೆರಗಿಗೆ ಒರೆಸಿ, ಮತ್ತೊಮ್ಮೆ ಒರೆಸಿ ಮುಂದೆ ಚಾಚಿದಳು. ಪತ್ರ ಅವಳ ಕೈಗಿಟ್ಟೆ. ಓದಲು ಬರದ ಅತ್ತೆ ಅದನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು.

"ಈ ಹಾಳಿ ಸಲುವಾಗಿ ಎಷ್ಟ್ ಕುಂತೀ ನನ್ನವ್ವಾ," ಅಂದಳು. "ಇನ್ನ ಏಳು. ಇದನ್ನ ಹಿಡ್ಕೊಂಡು ಓಣಿ ತುಂಬ ಅಡ್ಡಾಡಿ ಬಾ, ಎಲ್ಲಾರೂ ನೋಡ್ಲಿ."