ಮುಳ್ಳು ಇಳಿಯುವವರೆಗೆ

ನಮ್ಮ ಸೋದರಮಾವನ ಕೆಳತುಟಿ ಯಾವಾಗಲೂ ಉಬ್ಬಿರುತ್ತಿತ್ತು. ಒಳಗೆ ಗುಟಕಾ. ಮಾತಾಡುವಾಗ ಅದರ ಕೆಂಪು ರಸ ತುಟಿಯ ಮೂಲೆಯಿಂದ ಇಳಿದು ಗದ್ದದ ಬಿಳಿ ಗಡ್ಡಕ್ಕೆ ಹತ್ತುತ್ತಿತ್ತು. ಅದನ್ನು ಅಂಗೈಯಿಂದ ಒರೆಸಿಕೊಂಡು, ಅದೇ ಕೈಯಿಂದ ನಮ್ಮ ತಲೆ ಸವರುತ್ತಿದ್ದ. ಥೂ, ಈಗ ನೆನೆದರೂ ತಲೆ ತೊಳೆದುಕೊಳ್ಳಬೇಕೆನಿಸುತ್ತದೆ. ರಬಕವಿಯಲ್ಲಿ ಅವನದು ಸೀರೆ ಅಂಗಡಿ. ಅಲ್ಲಿ ಒಂದು ಸೀರೆಯ ಮೇಲೂ ಕಲೆ ಬೀಳಿಸಿದವನಲ್ಲ. ಅವನ ಕಾರಿನ ಬಲಬದಿಯ ಬಾಗಿಲು ಮಾತ್ರ ಕಿಟಕಿಯಿಂದ ಕೆಳಗೆ ಉದ್ದಕ್ಕೂ ಕೆಂಪಗಿತ್ತು.

ಅಂಥ ಕೊಳಕನಿಗೆ ಇಂಜಿನ್ನಿನ ವಿಷಯದಲ್ಲಿ ಎಂಥ ಮಡಿ ಅಂತೀರಿ! ಟರ್ಬೋ ಇದ್ದ ಡೀಸೆಲ್ ಗಾಡಿ. ಟರ್ಬೋ ಅಂದರೆ ಇಂಜಿನ್ನಿನ ಬಿಸಿ ಹೊಗೆಯ ರಭಸಕ್ಕೆ ಗರಗರ ತಿರುಗುವ ಚಕ್ರ. ಆ ಹೊಗೆ ಎಷ್ಟು ಬಿಸಿ ಇದೆ ಎಂದು ತೋರಿಸುವ ಮೀಟರೊಂದನ್ನು ಕೊಲ್ಹಾಪುರದವರೆಗೂ ಹೋಗಿ ಕೂಡಿಸಿಕೊಂಡು ಬಂದಿದ್ದ. ಏಳುನೂರು ಡಿಗ್ರಿಯ ಹತ್ತಿರ ಒಂದು ಗೆರೆ. ಮುಳ್ಳು ಅತ್ತ ಸರಿದರೆ ಸಾಕು, ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ವೇಗ ಇಳಿಸಿಬಿಡುವನು. ಊರು ಮುಟ್ಟಿದ ಮೇಲೂ ಮುಳ್ಳು ಇನ್ನೂರಕ್ಕೆ ಬರುವವರೆಗೆ ಕೀಲಿ ತೆಗೆಯುವಂತಿಲ್ಲ, ಯಾರೂ ಇಳಿಯುವಂತಿಲ್ಲ.

"ಟರ್ಬೋ ಕೆಂಡ ಆಗಿರ್ತೈತಿ. ಈಗ ಬಂದ್ ಮಾಡಿದ್ರ ಎಣ್ಣಿ ಹರಿಯೂದು ನಿಂತು ಅಲ್ಲೇ ಸುಟ್ಟು ಕರಕಲಾಕ್ಕೈತಿ. ಸುಮ್ನ ಕುಂದರ್ರಿ," ಎನ್ನುವನು.

"ಬಂದ್ ಮಾಡಬ್ಯಾಡ ಮಾಮಾ. ನಾವು ಇಳಿಯಾಕ ಏನಾಗೇತಿ?" ಎಂದು ನಾನು ಕೇಳಿದರೆ ಅವನಿಗೆ ಸಿಟ್ಟು.

"ಓಡಿ ಬಂದ ಎತ್ತಿನ್ನ ಹಾದ್ಯಾಗ ಬಿಟ್ಟು ಉಣ್ಣಾಕ ಹೊಕ್ಕೀಯೇನ ಯವ್ವಾ?"

ನನ್ನ ಮದುವೆಯ ದಿನವೂ ಬಿಡಲಿಲ್ಲ. ಮುಧೋಳದಲ್ಲಿ ಗಂಡನ ಮನೆಯ ಮುಂದೆ ಹೆಂಗಸರು ಆರತಿ ಹಿಡಿದು ನಿಂತಿದ್ದಾರೆ, ಇವನು ಮದುಮಕ್ಕಳನ್ನು ಒಳಗೇ ಕೂಡಿಸಿಕೊಂಡು ಮುಳ್ಳು ನೋಡುತ್ತಿದ್ದಾನೆ. ನಡುವೆ ಕಿಟಕಿ ಇಳಿಸಿ, ರಂಗೋಲಿಯ ಪಕ್ಕದಲ್ಲೇ ಪಿಚಕ್ಕನೆ ಉಗುಳಿದ. ನಾಚಿಕೆಯಿಂದ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಗಂಡನ ಮನೆಯವರು ಅಂದಿನಿಂದ ಅವನನ್ನು 'ಮೀಟರ್ ಮಾಮಾ' ಎಂದೇ ಕರೆದರು.

ಮಗಳು ಹುಟ್ಟಿದ ಮೇಲಿನ ಎಳ್ಳಮಾವಾಸ್ಯೆಗೆ ಎಲ್ಲರೂ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆಯನ್ನು ಹೊಲದಲ್ಲಿ ಚೆಲ್ಲಲು, ರನ್ನ ಬೆಳಗಲಿಯ ನಮ್ಮ ಹೊಲಕ್ಕೆ ಹೋದೆವು. ಕಬ್ಬು ಕಡಿದಾಗಿತ್ತು. ಒಣಗಿದ ಕಬ್ಬಿನ ಎಲೆ, ನಮ್ಮ ಕಡೆ ಅದಕ್ಕೆ ರವದಿ ಎನ್ನುತ್ತಾರೆ, ಹೊಲದ ತುಂಬ ಮೊಣಕಾಲಿನವರೆಗೆ ಹಾಸಿತ್ತು. ಮಾಮಾ ತನ್ನ ಗಾಡಿಯನ್ನು ದೂರದ ಬೋಳು ನೆಲದಲ್ಲಿ ನಿಲ್ಲಿಸಿದ. ನನ್ನ ಮೈದುನ ಹೊಸ ಕಾರನ್ನು ಸೀದಾ ರವದಿಯ ಮೇಲೆ ತಂದು ಹಚ್ಚಿದ. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ಎ.ಸಿ. ಇರಲಿ ಎಂದು ಇಂಜಿನ್ ಚಾಲೂ ಬಿಟ್ಟು ಇಳಿದ.

"ಲೇ, ರವದಿ ಮ್ಯಾಲಿಂದ ತಗಿ ಗಾಡಿ! ಸೈಲೆನ್ಸರ್ ಪೈಪು ಕಾದೈತಿ, ಉರಿ ಹತ್ತತೈತಿ," ಎಂದು ಮಾಮಾ ಒದರಿದ.

"ಮಾವಾರ, ನಿಮ್ಮ ಗಾಡಿಗಿ ಜ್ವರಾ ಬರ್ತೈತಿ, ನಮ್ಮದು ಹೊಸಾದೈತ್ರಿ," ಎಂದ ಮೈದುನ. ಎಲ್ಲರೂ ಹಲ್ಲು ಕಿಸಿದರು. ನಾವು ಪೂಜೆಗೆ ಹೊಲದ ಆಚೆ ಮಗ್ಗುಲಿಗೆ ನಡೆದೆವು. ಬಾಯಲ್ಲಿ ಗುಟಕಾ ಇದ್ದ ಮಾಮಾನನ್ನು ನನ್ನ ಗಂಡನ ತಾಯಿ ಪೂಜೆಗೆ ಸೇರಿಸಲಿಲ್ಲ. ಅವನು ಗೊಣಗುತ್ತ ಹಿಂದೆಯೇ ಉಳಿದ.

ಚರಗ ಚೆಲ್ಲುತ್ತಿದ್ದಾಗ ಮಾಮಾ ಚೀರಿದ್ದು ಕೇಳಿತು. ತಿರುಗಿ ನೋಡಿದರೆ ಕಾರಿನ ಕೆಳಗಿಂದ ಹೊಗೆ, ಹಿಂದೆಯೇ ಉರಿ. ಓಡಹೋದ ನಾನು ರವದಿಯಲ್ಲಿ ಕಾಲು ಸಿಕ್ಕಿ ಬಿದ್ದೆ. ಮೈದುನ "ನನ್ನ ಗಾಡಿ, ನನ್ನ ಗಾಡಿ" ಎಂದು ಬಾಯಿ ಬಡಿದುಕೊಳ್ಳುತ್ತಿದ್ದ. ನಮ್ಮ ಬೀಗರು ಬಿಜ್ಜರೆಲ್ಲ ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. ಛೀ! ಒಳಗೆ ಕೂಸಿದೆ ಎಂದು ಗೊತ್ತಿದ್ದೂ! ಆ ಉರಿಯೊಳಗೆ ಬರಿಗಾಲಲ್ಲಿ ನುಗ್ಗಿದವನು ಮಾಮಾ ಒಬ್ಬನೇ. ಬಾಗಿಲು ಎಳೆದು, ಮಗಳನ್ನು ಎದೆಗೆ ಅವಚಿಕೊಂಡು ಕುಂಟುತ್ತ ಹೊರಗೆ ಬಂದ.

ಅವಳ ಬಿಳಿ ಅಂಗಿಯ ತುಂಬ ಕೆಂಪು. ನಾನು ರಕ್ತವೆಂದುಕೊಂಡು ಕಿರುಚಿದೆ. ಒರೆಸಲು ಹೋದರೆ ಗುಟಕಾದ ವಾಸನೆ. ಉಗುಳಲೂ ಪುರಸೊತ್ತಿಲ್ಲದೆ ಓಡಿದ್ದ ಮಹಾರಾಯ, ಎಲ್ಲವೂ ಕೂಸಿನ ಮೇಲೆ ಸುರಿದಿತ್ತು. ನನಗೆ ಅಸಹ್ಯವಾಯಿತು, ಅವನ ಕಾಲು ಹಿಡಿಯಬೇಕೆಂದೂ ಅನಿಸಿತು. ಹಿಡಿಯಲು ಬಾಗಿದರೆ ಅಂಗಾಲಿನ ಚರ್ಮ ಸುಲಿದು ನೇತಾಡುತ್ತಿತ್ತು.

ಹಾಸಿಗೆ ಹಿಡಿದಾಗ ನೋಡಲು ಹೋದೆ. ಅಂಗಾಲಿಗೆ ಪಟ್ಟಿ, ತುಟಿಯೊಳಗೆ ಗುಟಕಾ. ನನ್ನ ಸಿಟ್ಟು ನೆತ್ತಿಗೇರಿತು.

"ಗಾಡಿಗಿ ಏಳುನೂರು ದಾಟಬಾರದು ಅಂತಿ. ನಿನ್ನ ಬಾಯಿಗಿ ಒಂದು ಹದ್ದು ಇಲ್ಲೇನ ಮಾಮಾ?"

"ಬಾಯಿಗಿ ಯಾರೂ ಮೀಟರ್ ಕುಂದ್ರಿಸಿಲ್ಲಲ್ಲ ಯವ್ವಾ," ಎಂದು ನಕ್ಕ. ಕಪ್ಪು ಹಲ್ಲು ನೋಡಲಾಗದೆ ಗೋಡೆಯ ಕಡೆ ತಿರುಗಿದೆ.

ಸುಟ್ಟ ಕಾಲು ವಾಸಿಯಾಯಿತು. ಬಾಯಲ್ಲಿ ಎದ್ದ ಹುಣ್ಣು ವಾಸಿಯಾಗಲಿಲ್ಲ. ದವಡೆ ಕೊಯ್ದರು. ಕೊನೆಗೆ ನೀರು ಹಾಕಲೂ ಬಾಯಿ ತೆರೆಯುತ್ತಿರಲಿಲ್ಲ. ಪಾನ್ ಅಂಗಡಿಯ ಮುಂದೆ ಸರ ಕಟ್ಟಿ ತೂಗುಹಾಕಿದ ಗುಟಕಾ ಚೀಟಿಗಳನ್ನು ಕಂಡರೆ ಇವತ್ತಿಗೂ ನನಗೆ ಕಿತ್ತು ಚರಂಡಿಗೆ ಎಸೆಯಬೇಕೆನಿಸುತ್ತದೆ.

ಹೋದ ತಿಂಗಳು ಮಾಮಾ ತೀರಿಕೊಂಡ. ಬೀಳಗಿ ಕಡೆಯ ಅವರ ಹಿರಿಯರ ಹೊಲದಲ್ಲಿ ಮಣ್ಣು ಮಾಡಿ, ಅವನ ಕಾರಿನಲ್ಲೇ ರಬಕವಿಗೆ ಮರಳಿದೆವು. ಮಾಮಾನ ಮಗ ಒಂದೇ ಓಟಕ್ಕೆ ಓಡಿಸಿಕೊಂಡು ಬಂದು, ಮನೆ ಮುಂದೆ ನಿಲ್ಲಿಸಿದ್ದೇ ಕೀಲಿ ತಿರುಗಿಸಿದ.

"ಛೀ, ಚಾಲೂ ಮಾಡೋ!" ಎಂದು ನಾನು ಗದರಿದೆ.

ಇಂಜಿನ್ ಮತ್ತೆ ಗುರುಗುಟ್ಟಿತು. ಸ್ನಾನಕ್ಕೆ ನೀರು ಕಾಯಿಸಿಟ್ಟು ಹೆಂಗಸರು ಬಾಗಿಲಲ್ಲಿ ಕಾಯುತ್ತಿದ್ದರು. ನಾವ್ಯಾರೂ ಇಳಿಯಲಿಲ್ಲ. ಮಗಳು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಮುಳ್ಳು ನಿಧಾನವಾಗಿ ಇಳಿಯಿತು.

ಕೆಳಗಿಳಿದಾಗ ಬಲಬದಿಯ ಬಾಗಿಲಿನ ಕೆಂಪು ಕಲೆಯನ್ನು ನಾನು ನೋಡುತ್ತಿದ್ದದ್ದು ಮಾಮಾನ ಮಗನಿಗೆ ಕಂಡಿತು. ನಾಚಿಕೊಂಡ.

"ನಾಳೆ ತೊಳಿಸಿಬಿಡ್ತೇನಿ, ಅಕ್ಕಾ."

"ಇರ್ಲಿ ಬಿಡೋ," ಎಂದೆ. ಥೂ, ಹೊಲಸು ಮನುಷ್ಯ.