ಲೋಟ ಹಚ್ಚುವ ಪಾಲಕ್ಕ

ಪಾಲಕ್ಕನಿಗೆ ಎದುರಿಗೆ ಬಂದವರ ಗುರುತು ಬೇಗ ಸಿಗುತ್ತಿರಲಿಲ್ಲ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಕೈಮುಗಿದರೆ ಸುಮ್ಮನೆ ತಲೆಯಾಡಿಸುತ್ತಿದ್ದರು. ಆ ಮನುಷ್ಯ ದಾಟಿ ಮುಂದೆ ಹೋದ ಮೇಲೆ ಹಿಂದಿನಿಂದ ನೋಡಿ, "ಅಯ್ಯ, ನೀವಾ? ಎಡಗಡೆ ಭುಜ ಈಗ ಹೆಂಗೈತ್ರಿ?" ಎಂದು ಕೂಗುತ್ತಿದ್ದರು. ದಿನವಿಡೀ ಬೆನ್ನುಗಳನ್ನೇ ನೋಡುವವರಿಗೆ ಮುಖ ನೆನಪಿರುವುದಾದರೂ ಹೇಗೆ?

ಮಾರ್ಕೆಟ್ ಯಾರ್ಡ್ ರಸ್ತೆಯ ಅವರ ಒಂದು ಕೋಣೆಯ ಬೋರ್ಡಿನಲ್ಲಿ 'ಕಪಿಂಗ್ ಥೆರಪಿ' ಎಂದಿತ್ತು. ಊರಿನವರು ಲೋಟ ಹಚ್ಚೋ ಪಾಲಮ್ಮ ಎನ್ನುತ್ತಿದ್ದರು. ಪುಟ್ಟ ಗಾಜಿನ ಲೋಟದೊಳಗೆ ಸ್ಪಿರಿಟ್ ಹತ್ತಿಯ ಉರಿ ಆಡಿಸಿ ತೆಗೆದು, ತಟ್ಟನೆ ಬೆನ್ನಿಗೆ ಮುಚ್ಚುತ್ತಿದ್ದರು. ಚರ್ಮ ಲೋಟದೊಳಕ್ಕೆ ಉಬ್ಬಿಕೊಳ್ಳುತ್ತಿತ್ತು. ನಾನು ಹೊಲಿಗೆಯವಳು. ಮಷಿನ್ ಮೇಲೆ ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಾಗ ಅವರ ಹತ್ತಿರ ಹೋದೆ. ಕತ್ತು ಸಡಿಲವಾದ ಮೇಲೆ ಅವರು ಭಾನುವಾರ ಹೆಂಗಸರಿಗೆ ಹೇಳಿಕೊಡುತ್ತಿದ್ದ ಕ್ಲಾಸಿಗೂ ಸೇರಿಕೊಂಡೆ.

ಪಾಲಕ್ಕ ರಾಮಗಿರಿಯವರು. ಸಣ್ಣ ವಯಸ್ಸಿಗೇ ಗಂಡ ತೀರಿಹೋದ. ಮಕ್ಕಳಿರಲಿಲ್ಲ. ಚಿತ್ರದುರ್ಗದ ಒಂದು ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿ, ಪಟ್ಟಿ ಹಾಕುವ ಮಣ್ಣು ಕಲಸುತ್ತ, ಬಿಸಿನೀರು ಹೊರುತ್ತ ಇದ್ದರು. ಅಲ್ಲಿ ಕಪಿಂಗ್ ಮಾಡುತ್ತಿದ್ದವರು ನಗೀನಾ ಮೇಡಂ. ಅವರು ಮೊದಲ ಸಲ ಲೋಟ ಹಚ್ಚುವುದನ್ನು ಕಂಡಾಗ ಪಾಲಕ್ಕ, "ಮೇಡಂ, ಹೊಟ್ಟೆನೋವು ಬಂದ್ರೆ ಹೊಕ್ಕುಳ ಬಟ್ಟಿ ಜಾರೈತೆ ಅಂತ ನಮ್ಮಜ್ಜಿನೂ ಹೊಟ್ಟೆ ಮ್ಯಾಲೆ ದೀಪ ಇಟ್ಟು ಚೊಂಬು ಬೋರಲು ಹಾಕ್ತಿದ್ಲು" ಎಂದರಂತೆ. ಮೇಡಂ ನಕ್ಕು, "ಎಲ್ಲಿ ಹಚ್ಬೇಕು ಅಂತ ನಿಮ್ಮಜ್ಜಿ ತೋರಿಸ್ಯಾಳೆ. ಎಲ್ಲಿ ಹಚ್ಬಾರ್ದು ಅಂತ ನನ್ನ ಹತ್ರ ಕಲಿ" ಎಂದರು. ಹಾಗೆ ಹಿಡಿದ ಕೆಲಸವನ್ನು ಪಾಲಕ್ಕ ಬಿಡಲಿಲ್ಲ. ಪರೀಕ್ಷೆ ಕಟ್ಟಿ ಸರ್ಟಿಫಿಕೇಟ್ ಪಡೆದರು. ಮೇಡಂ ತೀರಿಕೊಂಡ ಮೇಲೆ ಹೊಳಲ್ಕೆರೆಗೆ ಬಂದು ಕೋಣೆ ಹಿಡಿದರು.

ನಮಗೂ ಅವರು ಮೊದಲು ಕಲಿಸಿದ್ದು ಹಚ್ಚಬಾರದ ಜಾಗಗಳನ್ನೇ. "ಲೋಟ ಕಾಯಿಲೆ ಕೀಳ್ತೈತೆ ಅಂತ ಯಾರಿಗೂ ಸುಳ್ಳು ಹೇಳ್ಬ್ಯಾಡ್ರಿ. ಬಿಗಿದಿರೋ ಮೈನ ಸೊಲ್ಪ ಸಡ್ಲ ಮಾಡ್ತೈತೆ, ಅಷ್ಟೇಯ. ಎದೆನೋವು, ಉಸಿರು ಕಟ್ತೈತೆ ಅಂದ್ರೆ ಸೀದಾ ಆಸ್ಪತ್ರೆಗೆ ಕಳಿಸ್ರಿ" ಎನ್ನುತ್ತಿದ್ದರು. ಹೊಸದುರ್ಗ, ಹಿರಿಯೂರಿನಿಂದ ಹೆಂಗಸರು ಬಂದು ಕಲಿತು ಹೋದರು. ಕಲಿತವರು ತಮ್ಮ ಊರಿನಲ್ಲಿ ಕೋಣೆ ತೆರೆದ ಮೇಲೆ ಮತ್ತೆ ಈ ಕಡೆ ಬರುತ್ತಿದ್ದುದು ಕಡಿಮೆ.

ಅವರ ಹತ್ತಿರ ಹೆಚ್ಚಾಗಿ ಬರುತ್ತಿದ್ದವರು ಯಾರ್ಡಿನಲ್ಲಿ ಅಡಿಕೆ ಚೀಲ ಹೊರುವ ಹಮಾಲರು. ಗಂಡಸರು ಬಂದಾಗ ಪಾಲಕ್ಕ ಬಾಗಿಲು ತೆರೆದಿಟ್ಟು ಪರದೆ ಮಾತ್ರ ಎಳೆಯುತ್ತಿದ್ದರು. ಆದರೂ ಮಾತು ರಾಮಗಿರಿಗೆ ಮುಟ್ಟಿತು. ಅವರ ಅಣ್ಣ ಹನುಮಂತಪ್ಪ ಒಂದು ಮಧ್ಯಾಹ್ನ ಬಂದು, ರೋಡಿನಲ್ಲಿ ನಿಂತೇ ಹೇಳಿದ:

"ಗಂಡಸರ ಮೈ ಮುಟ್ಟೋ ಕೆಲ್ಸ ಬಿಡು. ಇಲ್ಲಾಂದ್ರೆ ನಮ್ಮನೆ ಹೊಸ್ಲು ತುಳಿಬ್ಯಾಡ."

"ಆಸ್ಪತ್ರೇಲಿ ನರ್ಸಮ್ಮ ಸೂಜಿ ಹಾಕಲ್ವೇನಣ್ಣ?"

"ಅವ್ಳು ನನ್ ತಂಗಿ ಅಲ್ಲ."

ಪಾಲಕ್ಕ ಕೆಲಸ ಬಿಡಲಿಲ್ಲ. ಯುಗಾದಿ, ದೀಪಾವಳಿ ಎಲ್ಲವೂ ಅದೇ ಕೋಣೆಯಲ್ಲಿ ಕಳೆದವು. ನಾನು ಹೋಳಿಗೆ ಒಯ್ದರೆ, "ಒಬ್ಳಿಗೆ ಅಂತ ಬ್ಯಾಳೆ ಬೇಯ್ಸಾಕೆ ಬ್ಯಾಸ್ರ ಕಣವ್ವ" ಎಂದು ನಿಂತುಕೊಂಡೇ ತಿನ್ನುತ್ತಿದ್ದರು. ಚಿತ್ರದುರ್ಗದಲ್ಲೇ ಇದ್ದಿದ್ದರೆ ಸಂಪಾದನೆ ಚೆನ್ನಾಗಿತ್ತಲ್ಲ, ಇಲ್ಲಿಗೇಕೆ ಬಂದಿರಿ ಎಂದು ಒಮ್ಮೆ ಕೇಳಿದ್ದೆ. "ಇಲ್ಲಿಂದ ರಾಮಗಿರಿ ಹತ್ರ ಆಗ್ತೈತೆ" ಎಂದರು. ಹತ್ತಿರವಾಗಿ ಮಾಡುವುದೇನು ಎಂದು ನಾನು ಕೇಳಲಿಲ್ಲ.

ಹಲವು ವರ್ಷದ ಮೇಲೆ ಹನುಮಂತಪ್ಪನ ಸೊಂಟ ಹಿಡಿದುಕೊಂಡಿತು. ಡಾಕ್ಟರು ಎಕ್ಸ್‌ರೇ ಫೋಟೋ ತೆಗೆಸಿ, ಮೂಳೆಗೆ ಏನೂ ಆಗಿಲ್ಲ, ನರ ಬಿಗಿದಿದೆ ಎಂದಿದ್ದರು. ಮಾತ್ರೆ ನುಂಗಿದರೂ ಮಗ್ಗುಲು ಬದಲಿಸಲಾಗುತ್ತಿರಲಿಲ್ಲ. ಅತ್ತಿಗೆ ತಾನೇ ಬಂದು ಪಾಲಕ್ಕನ ಕೈ ಹಿಡಿದಳು. ಪಾಲಕ್ಕ ಸೀರೆ ಬದಲಿಸಿ, ಲೋಟದ ಪೆಟ್ಟಿಗೆ ಎತ್ತಿಕೊಂಡು ಹೊರಟರು. ಅವತ್ತು ಅಂಗಡಿಯಲ್ಲಿ ನನಗೆ ಕೆಲಸವೇ ಓಡಲಿಲ್ಲ. ಸಂಜೆ ಅವರು ಬಂದದ್ದೇ ಕೇಳಿದೆ:

"ಅಣ್ಣ ಮಾತಾಡಿದ್ರಾ ಪಾಲಕ್ಕ?"

"ಬೋರಲು ಮಲಗಿದ್ದ. ಬಿಸಿ ಆತೇನಣ್ಣ ಅಂದೆ. ಇಲ್ಲ ಅಂದ."

"ಆಮ್ಯಾಲೆ?"

"ಅಷ್ಟೇ. ಲೋಟ ತಗದೆ, ಎಣ್ಣೆ ಹಚ್ಚಿದೆ. ಗ್ವಾಡೆ ಕಡೆ ಮುಖ ಮಾಡ್ಕಂಡು ನಿದ್ದೆ ಹೋದಂಗೆ ಮಲಗಿದ್ದ. ಅತ್ತಿಗೆ ಊಟಕ್ಕೆ ಕುಂತ್ಕ ಅಂದ್ಳು. ಅವ್ನು ಹೇಳ್ಲಿಲ್ವಲ್ಲ, ಬಂದ್ಬಿಟ್ಟೆ."

ಹನುಮಂತಪ್ಪ ಚೇತರಿಸಿಕೊಂಡು ಹೊಲದ ಕೆಲಸಕ್ಕೂ ಹೋಗತೊಡಗಿದ. ಒಂದು ದಿನ ಯಾರ್ಡಿಗೆ ಬಂದವನು ಪಾಲಕ್ಕನ ಕೋಣೆಯ ಮುಂದೆಯೇ ನೆಟ್ಟಗೆ ನಡೆದು ಹೋದುದನ್ನು ನಾನು ಕಂಡೆ. ಅವರೂ ಕಂಡರು. ಕರೆಯಲಿಲ್ಲ. ಘಟ್ಟದ ಕೆಳಗಿನ ಒಂದು ಚಿಕಿತ್ಸಾ ಕೇಂದ್ರದವರು ಕಪಿಂಗ್ ಕಲಿಸಲು ಬನ್ನಿ ಎಂದು ಬಹಳ ದಿನದಿಂದ ಕರೆಯುತ್ತಿದ್ದರು. ಆ ವಾರ ಪಾಲಕ್ಕ ಒಪ್ಪಿಕೊಂಡರು. "ಅವ್ನ ಬೆನ್ನು ಸರಿ ಹೋತು. ಇನ್ನೇನ್ ಕೆಲ್ಸ ಐತೆ ನಂಗೆ ಇಲ್ಲಿ?" ಎಂದರು.

ಹೋದ ಮೇಲೆ ಕೆಲವು ತಿಂಗಳು ಫೋನ್ ಮಾಡುತ್ತಿದ್ದರು. ಆಮೇಲೆ ಆ ನಂಬರು ನಿಂತುಹೋಯಿತು. ನಾನು ಅವರನ್ನು ಕೊನೆಯ ಬಾರಿ ನೋಡಿದ್ದು ಹೊರಡುವ ಹಿಂದಿನ ಸಂಜೆ. ಸಾಮಾನು ಕಟ್ಟುವಾಗ ಬಗ್ಗಿದವರು ಸೊಂಟಕ್ಕೆ ಕೈ ಕೊಟ್ಟು ನಿಂತರು. "ಮಲಗ್ರಿ ಪಾಲಕ್ಕ, ನಾನು ಹಚ್ತೀನಿ" ಎಂದೆ. ನಗೀನಾ ಮೇಡಂ ಹೋದ ಮೇಲೆ ಅವರ ಬೆನ್ನಿಗೆ ಯಾರೂ ಲೋಟ ಹಚ್ಚಿರಲಿಲ್ಲ. ತನ್ನ ಬೆನ್ನಿಗೆ ತಾನೇ ಹಚ್ಚಿಕೊಳ್ಳಲು ಯಾರಿಗೂ ಆಗುವುದಿಲ್ಲವಲ್ಲ. ಬೇಡ ಬೇಡ ಎನ್ನುತ್ತಲೇ ಮಲಗಿದರು. ಹೊತ್ತಾದ ಮೇಲೆ ಲೋಟಗಳನ್ನು ಬಿಡಿಸಿ, ಎಣ್ಣೆ ಸವರಿ, ಕೈ ತೆಗೆಯಹೋದೆ.

"ಸೊಲ್ಪ ಹೊತ್ತು ಅಲ್ಲೇ ಇಟ್ಟಿರು" ಎಂದರು.

ಇಟ್ಟುಕೊಂಡೇ ಕುಳಿತೆ. ಯಾರ್ಡಿನ ಲಾರಿಗಳು ಒಂದೊಂದಾಗಿ ಹೋದವು. ಆಮೇಲೆ ಪಾಲಕ್ಕ ನಿಧಾನಕ್ಕೆ ಎದ್ದು ಸೆರಗು ಹೊದ್ದುಕೊಂಡರು.

"ಸಾಕು ಬಿಡವ್ವ. ರೂಢಿ ಆಗ್ಬಿಟ್ರೆ ಕಷ್ಟ" ಎಂದರು.