ಗೆರೆ ಎಳೆಯದ ವೃತ್ತ

“ಆ ಗೆರಿ ಅಳಸ್ರಿ ಮೇಡಂ,” ಎಂದರು ಆ ತಾಯಿ. ಸೀಮೆಸುಣ್ಣ ಹಿಡಿದ ನನ್ನ ಕೈ ಬೋರ್ಡಿನ ಮೇಲೇ ನಿಂತಿತು.

ಬಾಗಲಕೋಟೆಯ ಕಾಲೇಜೊಂದರಲ್ಲಿ ಅನುವಂಶೀಯ ಕಾಯಿಲೆಗಳ ಕುರಿತ ನನ್ನ ಸೆಮಿನಾರ್ ಆಗಷ್ಟೇ ಮುಗಿದಿತ್ತು. ಅಲ್ಲಿಯೇ ಓದುವ ಮಗಳೊಂದಿಗೆ ಗುಳೇದಗುಡ್ಡದಿಂದ ಬಂದಿದ್ದ ಆಕೆ, ಅವಳನ್ನು ತನ್ನ ತಮ್ಮನಿಗೇ ಕೊಡುವ ಮಾತು ನಡೆದಿದೆ, ನಮ್ಮ ಮನೆತನದ ನಕ್ಷೆಯನ್ನೂ ಬರೆದು ನೋಡಿ ಎಂದಿದ್ದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರ ಮೇಲೊಂದು ಓರೆಗೆರೆ. ಇದು ತಳಿವಿಜ್ಞಾನದಲ್ಲಿ ನಮ್ಮ ರೂಢಿ. ಆಕೆಯ ಮದುವೆಯೂ ಸೋದರಮಾವನೊಂದಿಗೇ ಆದದ್ದು. ಚೊಚ್ಚಲ ಹೆಣ್ಣುಮಗು ಹಾಲು ಬಿಡುವ ಮೊದಲೇ ಹೋಗಿತ್ತು. ಯೋಚಿಸದೆ ಅದರ ವೃತ್ತಕ್ಕೆ ಗೆರೆ ಎಳೆದಿದ್ದೆ.

“ಮನ್ಯಾಗ ಯಾರೂ ಅಕಿ ಮಾತು ಎತ್ತೂದಿಲ್ರಿ. ಇವತ್ತ ಈ ಬೋರ್ಡಿನ ಮ್ಯಾಲ ಅಕ್ಕಾ ತಂಗಿ ಬಾಜೂಕ ಬಾಜೂಕ ಕುಂತಾರ್ರಿ. ಸ್ವಲ್ಪ ಹೊತ್ತ ಹಂಗ ಇರ್ಲಿ ಬಿಡ್ರಿ.”

ಅಳಿಸಿದೆ. ಮತ್ತೆ ರಕ್ತಸಂಬಂಧದಲ್ಲೇ ಮದುವೆಯಾದರೆ ಕಾಯಿಲೆಯ ಅಪಾಯ ಹೆಚ್ಚು, ಮಗಳನ್ನು ತಮ್ಮನಿಗೆ ಕೊಡದಿರುವುದೇ ಒಳ್ಳೆಯದು ಎಂದೂ ಹೇಳಿದೆ. ಆಗಲಿ ಎಂದು ತಲೆಯಾಡಿಸಿದರು. ಕಣ್ಣು ಮಾತ್ರ ಬೋರ್ಡಿನ ಮೇಲೇ ಇತ್ತು.

ಸೆಮಿನಾರುಗಳಲ್ಲಿ ಉದಾಹರಣೆಗೆಂದು ನಾನು ಬರೆಯುವುದು ನನ್ನ ಮನೆತನವನ್ನೇ. ಈಗೀಗ ಅಪ್ಪನ ಚೌಕಕ್ಕೆ ಗೆರೆ ಎಳೆಯದೆ ಮುಂದೆ ಹೋಗುತ್ತೇನೆ. ಅಪ್ಪ ಇನ್ನೂ ಇದ್ದಾರೆಂದೇ ವಿದ್ಯಾರ್ಥಿಗಳು ತಿಳಿಯುತ್ತಾರೆ. ನಾನು ತಿದ್ದುವುದಿಲ್ಲ.